ಅವ್ವ ಅಳಿಸಿದ ಗೆರೆಗಳು

ನನ್ನ ಸೊಂಟದ ಬಲಗಡೆ ಅಂಗೈಯಗಲದ ಒಂದು ಜಾಗವಿದೆ. ಅಲ್ಲಿ ಚಿವುಟಿದರೂ ನನಗೆ ಗೊತ್ತಾಗುವುದಿಲ್ಲ. ತೊಡೆಯ ಚರ್ಮ ತೆಗೆದು ಅಲ್ಲಿಗೆ ಹಚ್ಚಿ ಹೊಲಿದಿದ್ದಾರೆ. ಬ್ಯಾಡಗಿಯಲ್ಲಿ ಇಪ್ಪತ್ತೇಳು ವರ್ಷ ಹೊಲಿಗೆ ಕೆಲಸ ಮಾಡಿದವಳು ನಾನು. ಆ ತೇಪೆಯನ್ನು ಮೊದಲ ಸಲ ಕನ್ನಡಿಯಲ್ಲಿ ನೋಡಿದಾಗ ಹೊಲಿಗೆಯ ಸಾಲು ಸೊಟ್ಟಗಾಗಿದೆ ಅಂತಲೇ ಮೊದಲು ಅನ್ನಿಸಿತು. ಅಳು ಆಮೇಲೆ ಬಂತು.

ಸೀರೆಯೊಳಗೆ ಉಡುವ ಪರಕಾರ ಹೊಲಿಯುವುದೇ ನನ್ನ ಕಸುಬು. ಬ್ಲೌಸು ಹೊಲಿಯುವವರು ಓಣಿಗೆ ನಾಲ್ವರಿದ್ದಾರೆ, ಪರಕಾರಕ್ಕೆ ಮಾತ್ರ ಎಲ್ಲರೂ ನನ್ನಲ್ಲಿಗೇ ಬರುತ್ತಿದ್ದರು. ಕಾರಣ ನನ್ನ ಲಾಡಿ. ಸಣ್ಣದಾಗಿ, ಗಟ್ಟಿಯಾಗಿ ಹುರಿ ಹೊಸೆದ ಹತ್ತಿಯ ಲಾಡಿ. ಒಮ್ಮೆ ಬಿಗಿದು ಗಂಟು ಹಾಕಿದರೆ ಸಂಜೆಯವರೆಗೂ ಒಂದೆಳೆ ಸಡಿಲಾಗುತ್ತಿರಲಿಲ್ಲ. ಆ ಲಾಡಿಯ ಬಗ್ಗೆ ನನಗೆ ಬಹಳ ಸೊಕ್ಕಿತ್ತು.

ಬಿಗಿದು ಕಟ್ಟುವುದನ್ನು ಕಲಿಸಿದವಳು ಅವ್ವ. ನಾನು ಮೋಟೆಬೆನ್ನೂರಿನಲ್ಲಿ ಮೊದಲ ಸಲ ಸೀರೆ ಉಟ್ಟ ದಿನ ಅವ್ವ ನನ್ನ ಹಿಂದೆ ನಿಂತು, "ಉಸುರು ಒಳಗ ಎಳಕೊ" ಅಂದು, ಲಾಡಿಯ ಎರಡೂ ತುದಿ ಹಿಡಿದು ಎಳೆದಿದ್ದಳು. ಅವಳದು ಹೊಲದ ಬದುಕು. ಮೇವಿನ ಹೊರೆ ಎತ್ತುವಾಗ ಸೊಂಟಕ್ಕೆ ಬಿಗಿ ಇದ್ದರೆ ಬೆನ್ನು ಉಳುಕುವುದಿಲ್ಲ ಅನ್ನುವುದು ಅವಳ ನಂಬಿಕೆ. ನಾನು ಹೊರೆ ಎತ್ತಿದವಳಲ್ಲ, ಮಷೀನಿನ ಮುಂದೆ ಕೂತವಳು. ಆದರೂ ಮೂವತ್ತು ವರ್ಷ ಅದೇ ಜಾಗದಲ್ಲಿ, ಅದೇ ಬಲಗಡೆ, ಅಷ್ಟೇ ಬಿಗಿಯಾಗಿ ಗಂಟು ಹಾಕಿದೆ. ಚರ್ಮ ಕಪ್ಪಾಯಿತು, ದಪ್ಪಗಾಯಿತು, ಸುಲಿಯಿತು, ಮಾಯಿತು, ಮತ್ತೆ ಸುಲಿಯಿತು. ನಮ್ಮ ಕಡೆ ಯಾವ ಹೆಂಗಸಿನ ಸೊಂಟದಲ್ಲಿ ಆ ಕಪ್ಪು ಪಟ್ಟಿ ಇಲ್ಲ ಹೇಳಿ.

ಒಂದು ಸಲ ಸುಲಿದದ್ದು ಮಾಯಲಿಲ್ಲ. ನಾನು ಅರಿಶಿನ ಹಚ್ಚಿದೆ, ಕೊಬ್ಬರಿ ಎಣ್ಣೆ ಹಚ್ಚಿದೆ, ಔಷಧದ ಅಂಗಡಿಯಲ್ಲಿ "ಗಾಯಕ್ಕ ಏನರ ಕೊಡ್ರಿ" ಅಂತ ಕೇಳಿ ಮುಲಾಮು ತಂದೆ. ಗಂಟನ್ನು ಬಲದಿಂದ ಎಡಕ್ಕೆ ತಿರುಗಿಸಿದೆ, ಲಾಡಿ ಮಾತ್ರ ಸಡಿಲ ಮಾಡಲಿಲ್ಲ. ಒಂದೂವರೆ ವರ್ಷ ಯಾರಿಗೂ ತೋರಿಸಲಿಲ್ಲ. ಸೊಂಟ ಯಾರಿಗೆ ತೋರಿಸುವುದು? ಯಜಮಾನರಿಗೂ ತೋರಿಸಲಿಲ್ಲ. ಕೊನೆಗೆ ಒಂದು ದಿನ ಮಷೀನಿನ ಮುಂದಿನಿಂದ ಏಳುವಾಗ, ಮಡಿಲಲ್ಲಿದ್ದ ಗಿರಾಕಿಯ ಬಿಳಿ ಬಟ್ಟೆಗೆ ರಕ್ತ ಹತ್ತಿತು. ಆ ಬಟ್ಟೆಯನ್ನು ತಣ್ಣೀರಿನಲ್ಲಿ ತಿಕ್ಕುತ್ತಾ ಕೂತಿದ್ದಾಗ ಯಜಮಾನರು ನೋಡಿದರು.

ಮೊದಲು ಹೋದದ್ದು ಹಾವೇರಿಗೆ. ಅಲ್ಲಿ ಗಾಯದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬಂದ ದಿನ ಡಾಕ್ಟರು ಕಾಗದ ಓದುವ ಮೊದಲು ನನ್ನನ್ನೇ ಕೇಳಿದರು. "ಪರಕಾರ ಎಷ್ಟು ಬಿಗಿ ಕಟ್ಟತೀರಿ?"

"ಎಲ್ಲಾರೂ ಕಟ್ಟಿದಂಗ ಕಟ್ಟತೀನ್ರಿ," ಅಂದೆ. "ನಾ ಅದನ್ನ ಹೊಲಿಯಾಕಿರಿ."

ಅವರು ಕಾಗದ ಬಿಡಿಸಿ ಓದಿದರು. ಆಮೇಲೆ ಹೇಳಿದರು: ಚರ್ಮದ ಕ್ಯಾನ್ಸರು. ಒಂದೇ ಕಡೆ ವರ್ಷಗಟ್ಟಲೆ ಉಜ್ಜಿ ಉಜ್ಜಿ ಆದ ಗಾಯದಲ್ಲಿ ಹುಟ್ಟಿದ್ದು. ನನಗೆ ಮೊದಲು ಬಂದದ್ದು ಹೆದರಿಕೆಯಲ್ಲ, ಸಿಟ್ಟು. ಬೀಡಿ ಸೇದಿದವಳಲ್ಲ, ತಂಬಾಕು ಹಾಕಿದವಳಲ್ಲ. ಮಾನ ಮುಚ್ಚಿಕೊಳ್ಳಲು ಕಟ್ಟಿದ ಒಂದು ದಾರ ನನ್ನನ್ನು ತಿಂದಿತ್ತು. ಹೊರಗಿನ ಬೆಂಚಿನ ಮೇಲೆ ಯಜಮಾನರು ಆ ಕಾಗದವನ್ನು ಮಡಿಚಿ ಮಡಿಚಿ ಬೀಡಿಯಷ್ಟು ಸಣ್ಣ ಮಾಡಿ ಕಿಸೆಯಲ್ಲಿಟ್ಟುಕೊಂಡರು. "ಊರಾಗ ಹರ್ನಿಯಾ ಅಂತ ಹೇಳೂಣು," ಅಂದರು.

ದಾವಣಗೆರೆಯಲ್ಲಿ ಆಪರೇಷನ್ ಆಯಿತು. ಸೊಂಟದ ಗಾಯವನ್ನು ಸುತ್ತಲಿನ ಚರ್ಮದ ಸಮೇತ ತೆಗೆದರು, ರೋಗ ಮೊದಲು ಹಬ್ಬುವುದು ಅಲ್ಲಿಗೇ ಅಂತ ತೊಡೆಸಂದಿಯ ಒಳಗಿನ ಗಂಟುಗಳನ್ನೂ ತೆಗೆದರು. ಒಂದು ಗಂಟಿನಲ್ಲಿ ರೋಗ ಸಿಕ್ಕಿತು. ಅದಕ್ಕೇ ಹೊಲಿಗೆ ಮಾಯ್ದ ಮೇಲೆ ರೇಡಿಯೇಷನ್ ಕೊಡಬೇಕು, ವಾರಕ್ಕೆ ಐದು ದಿನದಂತೆ ಮೂವತ್ತು ಸಲ, ಅಂದರು ಅಲ್ಲಿಯ ಡಾಕ್ಟರು. "ಇದು ಹಟಮಾರಿ ಜಾತಿಯದಮ್ಮ. ಬೇಕಾದ್ದು ಬಿಡಿ, ಇದನ್ನು ಮಾತ್ರ ನಡುವೆ ಬಿಡಬೇಡಿ. ಬಿಟ್ಟರೆ ಒಳಗೆ ಉಳಿದದ್ದು ಮತ್ತೆ ಬೆಳೆಯೋಕೆ ದಾರಿ ಕೊಟ್ಟಂಗೆ." ನಾನು ತಲೆಯಾಡಿಸಿದೆ. ಅಂದಿನಿಂದ ನನ್ನ ತಲೆಯಲ್ಲಿ ಇದ್ದದ್ದು ಒಂದೇ ಮಾತು, ನಡುವೆ ಬಿಡಬಾರದು.

ಹರ್ನಿಯಾದ ಕಥೆ ಬ್ಯಾಡಗಿಯಲ್ಲಿ ಎಂಟು ದಿನವೂ ನಡೆಯಲಿಲ್ಲ. ಒಬ್ಬಾಕೆ ಬಂದು ಅರ್ಧ ಹೊಲಿದ ಬಟ್ಟೆಯನ್ನು, "ಅವಸರ ಐತಿರಿ" ಅಂತ ಸುತ್ತಿಕೊಂಡು ಹೋದಳು. ಎದುರು ಮನೆಯಾಕೆ ನನ್ನ ಕಿವಿಗೆ ಬೀಳುವಂತೆಯೇ ತನ್ನ ಕಟ್ಟೆಯ ಮೇಲೆ ಕೂತು ಅಂದಳು, "ಅಲ್ಲೇ ಬಂದೈತಿ ಅಂದ್ರ ಸುಮ್ನ ಬಂದಿರಾಕಿಲ್ಲ. ಏನರ ಮಾಡಿರಬೇಕು." ಆಕೆಗೆ ನಾನು ಹನ್ನೆರಡು ವರ್ಷ ಪರಕಾರ ಹೊಲಿದು ಕೊಟ್ಟಿದ್ದೆ. ಬೆನ್ನು ಕೆರೆದುಕೊಳ್ಳಲು ಬರದವಳಿಗೆ ನಾಲಿಗೆ ಮಾತ್ರ ಎಲ್ಲ ಕಡೆ ಹೋಗುತ್ತದೆ ಅಂದುಕೊಂಡೆ. ಬಾಯಿಬಿಟ್ಟು ಅನ್ನಲಿಲ್ಲ. ಆ ಸಿಟ್ಟನ್ನು ಅವತ್ತೇ ಆಕೆಯ ಮೇಲೆ ತೀರಿಸಿಕೊಂಡಿದ್ದರೆ ಚೆನ್ನಾಗಿರುತ್ತಿತ್ತು. ಅದು ಒಳಗೇ ಉಳಿದು ಬೇರೆಯವರ ಮೇಲೆ ಬಿತ್ತು.

ಅದು ಮೆಣಸಿನಕಾಯಿ ಸುಗ್ಗಿ. ಯಜಮಾನರು ಮಾರ್ಕೆಟ್ಟಿನಲ್ಲಿ ಚೀಲ ತೂಗುವ ಕೆಲಸದವರು. ಆ ತಿಂಗಳುಗಳಲ್ಲಿ ಬ್ಯಾಡಗಿಯ ಗಾಳಿಯಲ್ಲೇ ಘಾಟು. ಒಂದು ಕೆಮ್ಮು ಬಂದರೆ ಹೊಸ ಹೊಲಿಗೆ ಹಿಡಿದು ಜಗ್ಗಿದಂತಾಗುತ್ತಿತ್ತು. ಹಾಗಾಗಿ ರೇಡಿಯೇಷನ್ ಮುಗಿಯುವವರೆಗೆ ಮೋಟೆಬೆನ್ನೂರಿನ ತವರಿಗೆ ಹೋದೆ. ಹೈವೇ ಬದಿಯ ಊರು, ದಾವಣಗೆರೆಯ ಬಸ್ಸು ಅಲ್ಲೇ ಸಿಗುತ್ತದೆ. ಮನೆಯಲ್ಲಿ ಅವ್ವ, ತಮ್ಮ, ತಮ್ಮನ ಹೆಂಡತಿ ರೇಣುಕಾ. ಯಜಮಾನರು ಎರಡು ದಿನಕ್ಕೊಮ್ಮೆ ಬರುತ್ತಿದ್ದರು. ಬರುವ ಮೊದಲು ಮೈ ತೊಳೆದು, ಘಾಟಿಲ್ಲದ ಬೇರೆ ಅಂಗಿ ಹಾಕಿಕೊಂಡೇ ಬರುತ್ತಿದ್ದರು. ಗಾಯ ಹೇಗಿದೆ ಅಂತ ಆ ಮನುಷ್ಯ ಒಮ್ಮೆಯೂ ಕೇಳಲಿಲ್ಲ. ಆದರೆ ಆ ತೊಳೆದ ಅಂಗಿಗಾಗಿ ಅವರ ಎಷ್ಟೋ ತಪ್ಪು ಬಿಟ್ಟುಕೊಟ್ಟಿದ್ದೇನೆ.

ಸೊಂಟಕ್ಕೆ ಏನೂ ಕಟ್ಟಬಾರದು ಅಂದಿದ್ದರು. ಪರಕಾರವಿಲ್ಲದೆ ಸೀರೆ ನಿಲ್ಲುವುದಿಲ್ಲ. ಹೀಗಾಗಿ ಮನೆಯ ಹೊಸ್ತಿಲನ್ನೂ ನೈಟಿಯಲ್ಲಿ ದಾಟದವಳು ನೈಟಿ ಹಾಕಿಕೊಂಡು, ಮೇಲೊಂದು ಟವೆಲ್ ಹೊದ್ದು ದಿನಾ ಬಸ್ಸು ಹತ್ತಿದೆ. ಮೊದಲ ದಿನ ಒಬ್ಬ ಹೆಂಗಸು ನನ್ನನ್ನು ಮೇಲಿಂದ ಕೆಳಗೆ ನೋಡಿ ಪಕ್ಕದ ಸೀಟಿನ ಮೇಲೆ ಚೀಲ ಇಟ್ಟಳು. ರಾಣೆಬೆನ್ನೂರಿನವರೆಗೆ ನಿಂತೇ ಹೋದೆ. ಅಲ್ಲಿ ಹತ್ತಿದ ಒಬ್ಬ ಮುದುಕ ಸೀಟು ಹಿಡಿದು, ನನಗೆ ಬಿಟ್ಟುಕೊಟ್ಟ. "ಕುಂದ್ರವ್ವ. ನೀನೂ ಕರೆಂಟಿಗೆ ಹೊಂಟಾಕಿ ಹೌದಿಲ್ಲೋ? ನಿನ್ನ ಮಾರಿ ನೋಡಿದ್ರ ತಿಳೀತೈತಿ."

ರೇಡಿಯೇಷನ್ನಿಗೆ ನಮ್ಮ ಕಡೆಯವರು ಕರೆಂಟು ಅನ್ನುತ್ತಾರೆ. ಅವನು ಐರಣಿಯವನು, ನಿಂಗಪ್ಪಜ್ಜ. ಸಣ್ಣವನಿದ್ದಾಗ ಬೆಲ್ಲದ ಪಾಕ ಕಾಲಿನ ಮೇಲೆ ಚೆಲ್ಲಿ ಸುಟ್ಟಿತ್ತಂತೆ. ಐವತ್ತು ವರ್ಷದ ಮೇಲೆ ಆ ಕಲೆಯಲ್ಲಿ ಗಾಯ ಎದ್ದು ನನ್ನದೇ ರೋಗವಾಗಿತ್ತು. ನಮ್ಮಿಬ್ಬರ ಸರದಿ ಹಿಂದುಮುಂದೆ. ಕಾಯುವ ಹಾಲಿನಲ್ಲಿ ಬಾಯಿಯವರು, ಗಂಟಲಿನವರು, ಎದೆಯವರು, ಎಲ್ಲರೂ ಇದ್ದರು, ಚರ್ಮದವರು ನಾವಿಬ್ಬರೇ. ಎದುರು ಕೂತಿದ್ದ ಒಬ್ಬಾಕೆ, "ಬರೇ ಚರ್ಮದ್ದಾ? ಪುಣ್ಯಾ ಮಾಡೀರಿ," ಅಂದಳು. ಅಜ್ಜ ಧೋತರ ಎತ್ತಿ ಕಾಲು ತೋರಿಸಿದ. ಆಕೆ ಮುಖ ಆಚೆ ತಿರುಗಿಸಿಕೊಂಡಳು.

"ಸೊಸಿ ನನಗ ಬ್ಯಾರೆ ತಾಟು ಇಟ್ಟಾಳವ್ವ," ಅಂದ ಇನ್ನೊಂದು ದಿನ. "ಚೊಲೋ ತಾಟು ಐತಿ. ಇಷ್ಟ ದಿನಾ ಸೀಳಿದ್ದರಾಗ ಉಣ್ಣತಿದ್ದೆ, ಈಗ ಹೊಸಾದು." ನಾನು ನಕ್ಕೆ. ಆ ದಿನಗಳಲ್ಲಿ ನನ್ನನ್ನು ನಗಿಸಿದವನು ಅವನೊಬ್ಬನೇ.

ಮೆಷಿನ್ ಇರುವ ಕೋಣೆ ತಣ್ಣಗಿರುತ್ತದೆ. ಮೊದಲ ದಿನ ಸೊಂಟದಿಂದ ತೊಡೆಸಂದಿಯವರೆಗೆ ನೇರಳೆ ಬಣ್ಣದ ಮಸಿಯಿಂದ ಗೆರೆ ಎಳೆದರು. ಎಳೆಯುವವರಲ್ಲಿ ಗಂಡು ಹುಡುಗರೂ ಇದ್ದರು. ಸೂರಿಗೆ ಎಷ್ಟು ದೀಪ ಅಂತ ನೋಡುತ್ತಾ ಮಲಗಿದೆ. "ಈ ಗೆರೆ ಅಳಿಸಬಾರದು. ಸೋಪು, ನೀರು ಹಾಕಬೇಡಿ, ತಿಕ್ಕಬೇಡಿ. ಮೆಷಿನ್‌ಗೆ ಇದೇ ಗುರುತು," ಅಂದರು. ಆಮೇಲೆ ಎಲ್ಲರೂ ಹೊರಗೆ ಓಡಿ ಬಾಗಿಲು ಹಾಕಿಕೊಂಡರು. ಅವರೆಲ್ಲ ಹೆದರಿ ಓಡುವ ವಸ್ತುವಿನ ಕೆಳಗೆ ನನ್ನೊಬ್ಬಳನ್ನೇ ಮಲಗಿಸಿದ್ದರು. ಏನೂ ಕಾಣುವುದಿಲ್ಲ, ಏನೂ ಸುಡುವುದಿಲ್ಲ, ಒಂದು ಗುಂಯ್ ಸದ್ದು ಬಂದು ನಿಲ್ಲುತ್ತದೆ. ಸುಡುವುದು ಮೂರನೆಯ ವಾರದಿಂದ.

ಮನೆಗೆ ಬಂದರೆ ಅವ್ವ ಕಾಯುತ್ತಿದ್ದಳು. ಪಾದ ತಿಕ್ಕುತ್ತಿದ್ದಳು, ತಲೆ ಬಾಚುತ್ತಿದ್ದಳು, ಬಿಸಿ ರೊಟ್ಟಿಯನ್ನು ಹಾಲಿನಲ್ಲಿ ಮುರಿದು ತಾನೇ ಬಾಯಿಗೆ ಇಡುತ್ತಿದ್ದಳು. ನಲವತ್ತೊಂಬತ್ತು ವರ್ಷದವಳಿಗೆ ತುತ್ತು. ಅವಳ ಅಂಗೈ ಒರಟು; ತಲೆ ಸವರಿದರೆ ಕೂದಲು ಸಿಕ್ಕಿಕೊಳ್ಳುತ್ತಿತ್ತು. ಆದರೆ ಸೊಂಟವನ್ನು ಮಾತ್ರ ನಾನು ಅವಳಿಗೆ ತೋರಿಸಲಿಲ್ಲ. ಒದ್ದೆ ಬಟ್ಟೆಯಿಂದ ನಾನೇ ಮೈ ಒರೆಸಿಕೊಳ್ಳುತ್ತಿದ್ದೆ. ನೋಡಿದರೆ ಅಳುತ್ತಾಳೆ, ಅವಳ ಅಳುವನ್ನೂ ನಾನು ಹೊರಬೇಕಾಗುತ್ತದೆ ಅಂತ. ಗೆರೆಗಳ ವಿಷಯವನ್ನೂ ಹೇಳಲಿಲ್ಲ. ಇದನ್ನು ಇಲ್ಲಿ ಸ್ಪಷ್ಟವಾಗಿ ಬರೆಯುತ್ತಿದ್ದೇನೆ, ಯಾಕೆಂದರೆ ಆಗ ಇದನ್ನು ನಾನು ಒಪ್ಪಿಕೊಳ್ಳಲಿಲ್ಲ.

ಹದಿನೇಳನೆಯ ದಿನ ಅಜ್ಜನ ಕಾಲು ಒಡೆದು ನೀರು ಸೋರುತ್ತಿತ್ತು. "ಸಾಕವ್ವ ಇದು. ನಾಳೆ ನಾ ಬರಾಂಗಿಲ್ಲ," ಅಂದ. ಡಾಕ್ಟರು ಹೇಳಿದ್ದನ್ನೆಲ್ಲ ಮತ್ತೆ ಹೇಳಿ ನೋಡಿದೆ. "ಉಳದದ್ದು ಬೆಳೀಲಿ ಬಿಡು. ಹೊಲದಾಗ ಅಂತೂ ಏನೂ ಬೆಳ್ಯಾಕತ್ತಿಲ್ಲ," ಅಂದು ರಾಣೆಬೆನ್ನೂರಿನಲ್ಲಿ ಇಳಿದುಹೋದ. ಮರುದಿನ ನಿಜವಾಗಿಯೂ ಬರಲಿಲ್ಲ. ಆಸ್ಪತ್ರೆಯವರು ಫೋನು ಮಾಡಿದರೂ ಬರಲಿಲ್ಲ. ನನಗೆ ಅವನ ಮೇಲೆ ಕೆಟ್ಟ ಸಿಟ್ಟು ಬಂತು, ನನ್ನ ಧೈರ್ಯವನ್ನೂ ಎತ್ತಿಕೊಂಡು ಇಳಿದುಹೋದ ಅನ್ನಿಸಿ.

ಅದೇ ವಾರ ಯುಗಾದಿ. ಆಸ್ಪತ್ರೆಗೆ ರಜೆ. ಅವ್ವ ಬೆಳಿಗ್ಗೆ ಎದ್ದು ಹಂಡೆಗೆ ಬೇವಿನ ಎಲೆ ಹಾಕಿ ನೀರು ಕಾಯಿಸಿದ್ದಳು.

"ತಲಿಗಷ್ಟ ಎಣ್ಣಿ ಹಚ್ಚತೀನಿ. ಹಬ್ಬದ ದಿನಾನೂ ಜಳಕಾ ಮಾಡಲಿಲ್ಲಂದ್ರ ಹೆಂಗ? ಮೈ ಮುಟ್ಟೂದಿಲ್ಲಬೇ, ಬಾ."

ಮೂರೂವರೆ ವಾರದಿಂದ ತಲೆಗೆ ನೀರಿಲ್ಲ. ಆಸೆಯಾಯಿತು. ಸೊಂಟಕ್ಕೆ ಟವೆಲ್ ಸುತ್ತಿಕೊಂಡು ಬಚ್ಚಲಿನ ಮಣೆಯ ಮೇಲೆ ಕೂತೆ. ಅವ್ವ ನೆತ್ತಿಗೆ ಎಣ್ಣೆ ತಟ್ಟಿದಳು, ಕತ್ತು ನೀವಿದಳು, ಶೀಗೆಕಾಯಿ ಹಚ್ಚಿದಳು. ಕಣ್ಣಿಗೆ ಇಳಿಯುತ್ತದೆಂದು ಗಟ್ಟಿಯಾಗಿ ಮುಚ್ಚಿಕೊಂಡೆ. ಬಿಸಿನೀರು ಬೆನ್ನ ಮೇಲೆ ಹರಿಯುತ್ತಿತ್ತು. ಎಷ್ಟೋ ದಿನದ ಮೇಲೆ ಮೈ ಹಗುರಾಗಿ, ಕೂತಲ್ಲೇ ಜೊಂಪು ಹತ್ತಿತು. ಟವೆಲ್ ಯಾವಾಗ ಜಾರಿತೋ ಗೊತ್ತಿಲ್ಲ.

"ಈ ನೈಟಿ ಎಂಥಾದ್ದ ತಂದಿಯಬೇ, ಬಣ್ಣಾ ಬಿಟ್ಟೈತಿ ನೋಡು ಮೈಗೆಲ್ಲ," ಅಂದಳು ಅವ್ವ. ಆ ಮಾತು ಕೇಳಿಸಿತು. ಆದರೆ ತಲೆಗೆ ಹೋಗಲಿಲ್ಲ. ಮೊದಲೇ ಹೇಳಿದೆನಲ್ಲ, ಆ ಜಾಗಕ್ಕೆ ಸ್ಪರ್ಶವಿಲ್ಲ; ಗಂಟು ತೆಗೆದ ಮೇಲೆ ಅಲ್ಲಿಂದ ತೊಡೆಸಂದಿಯವರೆಗೂ ಇಲ್ಲ. ಅವ್ವ ತೆಂಗಿನ ನಾರಿಗೆ ಶೀಗೆಕಾಯಿ ಹಚ್ಚಿ ಹಬ್ಬದ ಮೈಯಿಂದ ಬಣ್ಣದ ಕಲೆ ತೆಗೆಯುತ್ತಿದ್ದಳು, ನಾನು ಕಣ್ಣು ಮುಚ್ಚಿ ಸುಖಪಡುತ್ತಿದ್ದೆ. ಕಣ್ಣು ಬಿಟ್ಟಾಗ ಬಚ್ಚಲಿನ ಮೋರಿಯ ಕಡೆಗೆ ನೇರಳೆ ನೀರು ಹೋಗುತ್ತಿತ್ತು. ಅದರ ಹಿಂದೆಯೇ ಕೆಂಪು ನೀರು. ತೊಡೆಸಂದಿಯ ಬೆಂದ ಚರ್ಮ ಸಿಪ್ಪೆಯಾಗಿ ಎದ್ದು ನಾರಿಗೆ ಅಂಟಿತ್ತು.

ನಾನು ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿರುತ್ತಿತ್ತು. ಮೆಲ್ಲಗೆ, ಒಂದೊಂದೇ ಮಾತಾಗಿ ಹೇಳಿದೆ, ಬಾಗಿಲಲ್ಲಿ ರೇಣುಕಾ ನಿಂತು ಕೇಳುತ್ತಿದ್ದಳು.

"ಲಾಡಿ ಕಟ್ಟಾಕ ಕಲಿಸಿದ್ದು ಇದ ಕೈ. ಅರ್ಧಾ ಜೀವಾ ಅದು ತಿಂತು. ಉಳದದ್ದು ನೀ ಇವತ್ತ ತೊಳದಿ. ನಿನ್ನ ಕೈಯಾಗ ವಿಷಾ ಐತಿ. ಇನ್ನ ನನ್ನ ಮುಟ್ಟಬ್ಯಾಡ."

ಅವ್ವ ನಾರನ್ನು ಕೈಯಲ್ಲಿ ಹಿಡಿದೇ ನಿಂತಿದ್ದಳು. ಆಮೇಲೆ ಅದನ್ನು ನೀರಿನಲ್ಲಿ ತೊಳೆದು, ಅದರ ಜಾಗದಲ್ಲಿ ಸಿಕ್ಕಿಸಿ, ಹೊರಗೆ ಹೋದಳು. ಅವತ್ತು ಮನೆಯಲ್ಲಿ ಹೋಳಿಗೆ ಮಾಡಿದ್ದರು. ಯಾರು ಉಂಡರೋ ನನಗೆ ಗೊತ್ತಿಲ್ಲ.

ಮರುದಿನ ದಾವಣಗೆರೆಯಲ್ಲಿ ಆ ದಿನದ ಡಾಕ್ಟರು ನೋಡಿ, ಹಲ್ಲು ಕಚ್ಚಿ, "ಯಾರಮ್ಮ ತಿಕ್ಕಿದ್ದು?" ಅಂದರು. "ನಮ್ಮವ್ವ," ಅಂದೆ. ಒಂಬತ್ತು ದಿನ ರೇಡಿಯೇಷನ್ ನಿಂತಿತು. ಆ ಒಂಬತ್ತು ದಿನವೂ ನನ್ನೊಳಗೆ ಅದು ಬೆಳೆಯುವುದನ್ನು ಕಿವಿಗೊಟ್ಟು ಕೇಳುತ್ತಾ ಮಲಗಿದ್ದೆ. ಬೆರಳು ತೊಡೆಸಂದಿಯಲ್ಲಿ ಗಂಟು ಹುಡುಕುತ್ತಲೇ ಇತ್ತು. ಮಷೀನಿನ ಮುಂದೆ ಎಂದೂ ತಪ್ಪದ ಬೆರಳುಗಳು ಅವು, ಪ್ರತಿ ಸಲ ಹುಡುಕಿದಾಗಲೂ ಏನೋ ಸಿಕ್ಕಂತಾಗುತ್ತಿತ್ತು.

ಅವ್ವ ನಾನು ಹೇಳಿದಂತೆಯೇ ನಡೆದುಕೊಂಡಳು. ರೊಟ್ಟಿ ತಂದು ಮಂಚದ ಪಕ್ಕದ ಸ್ಟೂಲಿನ ಮೇಲೆ ಇಡುವಳು, ನನ್ನ ಕೈಗೆ ಕೊಡುವುದಿಲ್ಲ. ಬಾಚಣಿಕೆ ತಂದಿಡುವಳು, ಬಾಚುವುದಿಲ್ಲ. ಒಮ್ಮೆ ಎದ್ದಾಗ ತಲೆ ಸುತ್ತಿ ನಾನು ಗೋಡೆಗೆ ಒರಗಿದೆ. ಅವಳ ಎರಡೂ ಕೈ ಮುಂದೆ ಬಂದು, ನಡುವೆಯೇ ನಿಂತು, ಹಿಂದೆ ಹೋದವು. "ರೇಣುಕಾ, ಅಕ್ಕನ್ನ ಹಿಡಿ ಬಾ," ಅಂತ ಕರೆದಳು. ನಾನು ಅದನ್ನು ನೋಡಿದೆ. ನೋಡಿಯೂ ಸುಮ್ಮನಿದ್ದೆ. ಶಿಕ್ಷೆ ಆಗಲಿ ಅಂತಲೇ ಇತ್ತು ನನ್ನ ಮನಸ್ಸಿನಲ್ಲಿ. ಕಾಯಿಲೆಯವರು ದೇವರಂಥವರಾಗುತ್ತಾರೆ ಅಂತ ಯಾರೋ ಹೇಳುವುದನ್ನು ಕೇಳಿದ್ದೇನೆ, ನಾನು ಆಗಲಿಲ್ಲ.

ಹೊಸ ಗೆರೆ ಎಳೆದು ಮತ್ತೆ ಶುರು ಮಾಡಿದರು. ತಪ್ಪಿದ್ದಕ್ಕೆ ಎರಡು ಹೆಚ್ಚು ಸೇರಿಸಿ ಮೂವತ್ತೆರಡು ಮುಗಿಸಿದರು. ಮುಗಿದ ದಿನ ನೇರ ಬ್ಯಾಡಗಿಗೆ ಹೋದೆ, ಮೋಟೆಬೆನ್ನೂರಿನಲ್ಲಿ ಇಳಿಯಲಿಲ್ಲ. ನನ್ನ ಬಟ್ಟೆಗಳನ್ನು ತಮ್ಮ ತಂದುಕೊಟ್ಟ. ಚೀಲದಲ್ಲಿ ಮೃದುವಾದ ಹಳೆಯ ಸೀರೆಯನ್ನು ಹರಿದು ಮಡಿಚಿದ ಎಂಟು ಪಟ್ಟಿಗಳಿದ್ದವು, ಸೊಂಟಕ್ಕೆ ಸುತ್ತಿಕೊಳ್ಳಲು. ಯಾರು ಮಡಿಚಿದ್ದು ಅಂತ ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಮಳೆಗಾಲದಲ್ಲಿ ತಪಾಸಣೆಗೆ ಹೋದಾಗ ಐರಣಿ ಅಜ್ಜನ ಸುದ್ದಿ ಕೇಳಿದೆ. ರೋಗ ಮೇಲಕ್ಕೇರಿತ್ತಂತೆ, ಹೋಗಿಬಿಟ್ಟ. ಅವತ್ತು ಬಸ್ಸಿನಲ್ಲಿ ರಾಣೆಬೆನ್ನೂರು ಬಂದಾಗ ಎದ್ದು ನಿಂತು ಯಾರಿಗೋ ಸೀಟು ಕೊಟ್ಟೆ. ಒಳಗಿಂದ ಒಂದು ಮಾತು ಮಾತ್ರ ಕೊರೆಯುತ್ತಿತ್ತು: ನಡುವೆ ಬಿಟ್ಟವನು ಸತ್ತ, ನನಗೂ ಅವ್ವ ನಡುವೆ ಬಿಡಿಸಿದ್ದಾಳೆ.

ಈಗ ನಾನು ಮತ್ತೆ ಪರಕಾರ ಹೊಲಿಯುತ್ತೇನೆ. ಲಾಡಿ ಇಲ್ಲ, ಮೂರು ಬೆರಳಗಲದ ಪಟ್ಟಿ, ಪಕ್ಕಕ್ಕೆ ಹುಕ್ಕು. "ಇದು ನಿಲ್ಲಾಂಗಿಲ್ರಿ, ಜಾರತೈತಿ," ಅಂತ ತಕರಾರು ಬರುತ್ತದೆ. ಜಾರಲಿ ಅನ್ನುತ್ತೇನೆ. ಅಳತೆಗೆ ಬಂದವರ ಸೊಂಟ ನೋಡದೆ ಬಟ್ಟೆ ಹಿಡಿಯುವುದಿಲ್ಲ. ಬೈಯುತ್ತಾರೆ, ತೋರಿಸುತ್ತಾರೆ. ಇದನ್ನು ಓದುತ್ತಿರುವವರಿಗೂ ಅದನ್ನೇ ಹೇಳುವುದು: ಇವತ್ತು ಜಳಕದ ಹೊತ್ತಿಗೆ ನಿಮ್ಮ ಸೊಂಟದ ಪಟ್ಟಿಯನ್ನು ಬೆರಳಿನಿಂದ ಮುಟ್ಟಿ ನೋಡಿ. ಮಾಯದ ಗಾಯವಿದ್ದರೆ ಅರಿಶಿನ ಹಚ್ಚುತ್ತಾ ಕೂರಬೇಡಿ. ಎದುರು ಮನೆಯಾಕೆಯೂ ಬಂದಳು. ಅವಳ ಸೊಂಟವನ್ನೂ ನೋಡಿದೆ. ಏನೂ ಇರಲಿಲ್ಲ. ಒಂದು ಕ್ಷಣ ನನಗೆ ಬೇಸರವಾದದ್ದು ಸುಳ್ಳಲ್ಲ.

ಈ ವರ್ಷ ಯುಗಾದಿಗೆ ಹದಿನೈದು ದಿನ ಮೊದಲು ತಪಾಸಣೆಗೆ ಹೋದೆ. ನನಗೆ ರೇಡಿಯೇಷನ್ ಹೇಳಿದ್ದ ಹಳೆಯ ಡಾಕ್ಟರೇ ಇದ್ದರು. ಎಲ್ಲ ಸ್ವಚ್ಛ ಅಂದರು. ನಾನು ಆ ಒಂಬತ್ತು ದಿನದ ಬಗ್ಗೆ ಕೇಳಿದೆ, ನಮ್ಮವ್ವ ತಿಕ್ಕಿ ಕೆಡಿಸಿದ ದಿನಗಳ ಬಗ್ಗೆ. ಅವರು ಹಳೆಯ ಕಾಗದ ತಿರುವಿ ನೋಡಿದರು.

"ತಾಯಿ ತಿಕ್ಕಿದ್ದಕ್ಕೆ ಅಂತ ಯಾಕೆ ತಿಳ್ಕೊಂಡ್ರಿ? ಹಬ್ಬದ ಹಿಂದಿನ ದಿನವೇ ಬರೆದಿದೆ ನೋಡಿ, ಚರ್ಮ ಒಡೀತಾ ಇದೆ, ರಜೆ ಮುಗಿದ ಮೇಲೆ ಬಿಡುವು ಕೊಡಬೇಕು ಅಂತ. ತೊಡೆಸಂದಿ ಅಲ್ವಾ, ಎಲ್ಲರಿಗೂ ಒಡೆಯುತ್ತೆ. ತಿಕ್ಕದಿದ್ದರೂ ನಿಲ್ಲಿಸ್ತಿದ್ವಿ. ಒಂದೆರಡು ದಿನ ಹೆಚ್ಚಾಗಿರಬಹುದು, ಅಷ್ಟೇ. ಗೆರೆ ಏನಮ್ಮ, ಮತ್ತೆ ಹಾಕ್ತೀವಿ."

ನಾನು ಕೂತೇ ಇದ್ದೆ. ಮುಂದಿನವರು ಒಳಗೆ ಬಂದು ನನ್ನ ಹಿಂದೆ ನಿಂತರು.

ಹಬ್ಬದ ದಿನ ಬೆಳಿಗ್ಗೆ ಮೋಟೆಬೆನ್ನೂರಿಗೆ ಹೋದೆ. ಅವ್ವ ಅಂಗಳದಲ್ಲಿ ಬೇವಿನ ಹೂ ಬಿಡಿಸುತ್ತಾ ಕೂತಿದ್ದಳು. ಎದುರು ಕೂತು ಹೇಳಿದೆ.

"ಡಾಕ್ಟರು ಹೇಳ್ಯಾರಬೇ. ನಿನ್ನಿಂದ ಏನೂ ಆಗಿಲ್ಲಂತ. ಅದು ಹೆಂಗಿದ್ರೂ ಒಡೀತಿತ್ತಂತ."

"ಹೌದಾ? ಚೊಲೋ ಆತು," ಅಂದಳು. ಹೂ ಬಿಡಿಸುವುದು ನಿಲ್ಲಲಿಲ್ಲ.

"ನನಗ ಗೊತ್ತಿರಲಿಲ್ಲಬೇ. ಗೊತ್ತಿಲ್ದ ಅಂದೆ."

"ಗೊತ್ತಿರಲಿಲ್ಲ, ಹೌದು," ಅಂದಳು ಅವ್ವ. "ಗೊತ್ತಿಲ್ದಾಗ ನಿನ್ನ ಬಾಯಾಗ ಅದಾ ಬಂತು."

ಎದ್ದು ಒಳಗೆ ಹೋಗಿ ಎಣ್ಣೆಯ ಬಟ್ಟಲು ತಂದು ಅವಳ ಮುಂದೆ ಇಟ್ಟೆ. ಜಡೆ ಬಿಚ್ಚಿ, ಬೆನ್ನು ತಿರುಗಿಸಿ ಕೂತೆ. "ಹಚ್ಚಬೇ," ಅಂದೆ. ಸೆರಗಿಗೆ ಕೈ ಒರೆಸಿಕೊಂಡದ್ದು ಕೇಳಿಸಿತು. ಅವಳ ಅಂಗೈ ನೆತ್ತಿಗೆ ಬೀಳುತ್ತದೆಂದು ನಾನು ಕತ್ತು ಬಗ್ಗಿಸಿದೆ.

"ರೇಣುಕಾ," ಅಂತ ಕರೆದಳು ಅವ್ವ. "ಅಕ್ಕಗ ಎಣ್ಣಿ ಹಚ್ಚಿ ಎರಿ ಬಾರವ್ವ."

ರೇಣುಕಾ ನನ್ನನ್ನು ಬಚ್ಚಲಿಗೆ ಕರೆದುಕೊಂಡು ಹೋಗಿ ಎರೆದಳು. ಅವ್ವ ಬಾಗಿಲ ಹೊರಗೆ, ನನಗೆ ಕಾಣದಂತೆ ನಿಂತು, ಕೊನೆಯವರೆಗೂ ಹೇಳುತ್ತಲೇ ಇದ್ದಳು. ನೀರು ಬಾಳ ಬಿಸಿ ಬ್ಯಾಡ. ನಾರು ಮುಟ್ಟಬ್ಯಾಡ. ಬಲಗಡೆ ಸೊಂಟದಿಂದ ನಾಕು ಬೆರಳ ಕೆಳಗ, ತೊಡಿ ಸಂದಿತನಕ, ಅಲ್ಲಿ ಕೈ ಹಾಕಬ್ಯಾಡ. ಅಲ್ಲಿ ಆಕಿಗೆ ಗೊತ್ತಾಗಾಂಗಿಲ್ಲ.